ಇಲ್ಲಿ ‘ಚಾಲ್ಶೆ’ ನಡೆಯುವುದಿಲ್ಲ

ಅವರ ಕುರ್ಚಿಯಲ್ಲಿ ಈಗ ನಾನು ಕೂರುತ್ತೇನೆ. ಒಳ್ಳೆಯ ಕುರ್ಚಿಯೇನಲ್ಲ. ಎಡಗೈ ಇಡುವ ಕಡೆ ರೆಗ್ಜಿನ್ ಹರಿದಿದೆ, ಸ್ವಲ್ಪ ಹಿಂದಕ್ಕೆ ಒರಗಿದರೆ ಯಾರೋ ನರಳಿದ ಹಾಗೆ ಸದ್ದು ಮಾಡುತ್ತದೆ. ಬದಲಾಯಿಸಿ ಕೊಡುತ್ತೇವೆ ಎಂದು ಆಡಳಿತ ಕಚೇರಿಯವರು ಹೇಳಿದರು, ನಾನೇ ಬೇಡ ಎಂದೆ. ಅದನ್ನು ಗುರುಭಕ್ತಿ ಎಂದು ತಿಳಿಯಬೇಡಿ. ಹೊಸ ಕುರ್ಚಿಗೆ ಅರ್ಜಿ ಬರೆದು, ಅದರ ಹಿಂದೆ ಮಹಡಿಯಿಂದ ಮಹಡಿಗೆ ಅಲೆಯುವಷ್ಟು ತ್ರಾಣ ನನ್ನಲ್ಲಿ ಉಳಿದಿಲ್ಲ.

ಅಹಮದಾಬಾದಿನ ಹೊರವಲಯದ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ನನಗೆ ಕೆಲಸ. ಮಕ್ಕಳು ಯಾವ ಕೋರ್ಸ್ ತೆಗೆದುಕೊಳ್ಳಬೇಕು, ಯಾವ ಮೇಜರ್‌ಗೆ ಅರ್ಜಿ ಹಾಕಬೇಕು ಎಂದು ಸಲಹೆ ಕೊಡುವ ಕೋಣೆ ನಮ್ಮದು. ಈಗಿನ ನಾಲ್ಕು ವರ್ಷದ ಪದವಿಯಲ್ಲಿ ಸೇರಿದ ದಿನವೇ ವಿಷಯ ಗಟ್ಟಿಯಾಗುವುದಿಲ್ಲ. ಮೊದಲ ವರ್ಷ ಎಲ್ಲದಕ್ಕೂ ಬಾಯಿ ಹಾಕಿ ನೋಡುತ್ತಾರೆ. ವರ್ಷದ ಕೊನೆಗೆ ತಮ್ಮ ಮುಖ್ಯ ವಿಷಯಕ್ಕೆ, ಅಂದರೆ ಮೇಜರ್‌ಗೆ, ಅರ್ಜಿ ಹಾಕುತ್ತಾರೆ. ಒಂದೊಂದು ಮೇಜರ್‌ಗೂ ಮೊದಲೇ ಮುಗಿಸಿರಬೇಕಾದ ಕೋರ್ಸ್‌ಗಳು ಕೆಲವಿರುತ್ತವೆ. ಅವನ್ನು ಮುಗಿಸಿರದಿದ್ದರೆ ಬಾಗಿಲು ತೆರೆಯುವುದಿಲ್ಲ. ವಿಷಯ ಇಷ್ಟೇ. ಇಷ್ಟನ್ನು ಹೇಳುತ್ತ ಹೇಳುತ್ತ ನನ್ನ ಕೂದಲು ಬೆಳ್ಳಗಾಯಿತು, ನನಗಿಂತ ಮೊದಲು ಈ ಕುರ್ಚಿಯಲ್ಲಿ ಕೂತಿದ್ದವರ ಕೂದಲು ಉದುರಿಯೇ ಹೋಯಿತು.

ಕೋಣೆಗೆ ಉದ್ದನೆಯ ಇಂಗ್ಲಿಷ್ ಹೆಸರೊಂದಿದೆ. ಮಕ್ಕಳು ಮಾತ್ರ ಅದನ್ನು ‘ಪೂಛ್‌ಪರಛ್’ ಎನ್ನುತ್ತಾರೆ. ಗುಜರಾತಿನ ರೈಲು ನಿಲ್ದಾಣಗಳಲ್ಲಿ ವಿಚಾರಣೆ ಕಿಟಕಿಯ ಮೇಲೆ ಬರೆದಿರುವ ಪದ ಅದು. ನನಗೆ ಇದು ಅವಮಾನ ಅನ್ನಿಸುತ್ತಿತ್ತು. ಕುರ್ಚಿಯ ಹಿಂದಿನ ಒಡೆಯರಿಗೆ ಬಹಳ ಹಿಡಿಸಿತ್ತು.

“ಖರೇ ಹೆಸರು ಇಟ್ಟಾರ ನೋಡ್ರಿ, ಮೈಸೂರ ಮೇಡಂ,” ಎನ್ನುತ್ತಿದ್ದರು. “ರೈಲು ಬಿಟ್ಟ ಮ್ಯಾಲನ ಎಲ್ಲಾರೂ ಇಲ್ಲಿಗೆ ಬರೋದು.”

ಈ ಮಳೆಗಾಲಕ್ಕೆ ಸ್ವಲ್ಪ ಮುಂಚೆ ಸೂರತ್‌ನಲ್ಲಿ ಅವರು ತೀರಿಕೊಂಡರು. ನಾವೆಲ್ಲ ಅವರನ್ನು ಸರ್ ಎನ್ನುತ್ತಿದ್ದೆವು. ಇಲ್ಲೂ ಸರ್ ಎಂದೇ ಇರಲಿ. ಹೆಸರು ಹಾಕಿ ಬರೆಯುವಷ್ಟು ದೊಡ್ಡ ಮನುಷ್ಯ ತಾನಲ್ಲ ಎಂದು ಅವರೇ ತಿಳಿದಿದ್ದರು, ಮತ್ತು ಈ ವಿಷಯದಲ್ಲಿ ಅವರೊಡನೆ ಜಗಳವಾಡಿ ಗೆದ್ದವರಿಲ್ಲ.

ಊರು ಧಾರವಾಡದ ಕಡೆ. ಎಂ.ಎಸ್ಸಿ. ಓದಲೆಂದು ವಡೋದರಕ್ಕೆ ಬಂದವರು ಹಿಂತಿರುಗಲೇ ಇಲ್ಲ. ಸೂರತ್‌ನ ಒಂದು ಕಾಲೇಜಿನಲ್ಲಿ ಗಣಿತ ಮೇಷ್ಟ್ರಾಗಿ, ತಾಪಿ ನದಿಯಾಚೆಯ ಅಡಾಜಣ್‌ನಲ್ಲಿ ಒಂದು ಫ್ಲ್ಯಾಟು ಮಾಡಿಕೊಂಡು, ಅಲ್ಲೇ ನಿವೃತ್ತರಾದರು. ಮನೆಯಲ್ಲಿ ಸುಮ್ಮನೆ ಕೂರಲು ಆಗದೆ ನಮ್ಮಲ್ಲಿಗೆ ಬಂದರು. ವಾರದ ದಿನಗಳಲ್ಲಿ ಮಣಿನಗರ ಸ್ಟೇಷನ್ನಿನ ಹತ್ತಿರ ಒಂದು ಬಾಡಿಗೆ ಕೋಣೆ, ಶುಕ್ರವಾರ ಸಂಜೆಯ ರೈಲಿಗೆ ಸೂರತ್, ಸೋಮವಾರ ಬೆಳಗಿನ ರೈಲಿಗೆ ಮತ್ತೆ ಮಣಿನಗರ. ಗುಜರಾತಿನಲ್ಲಿ ಹೀಗೆ ಊರಿಂದೂರಿಗೆ ಓಡಾಡಿ ಕೆಲಸ ಮಾಡುವುದಕ್ಕೆ ‘ಅಪ್‌ಡೌನ್’ ಎನ್ನುತ್ತಾರೆ. ಏನು ಮಾಡ್ತೀರಿ ಎಂದು ಯಾರಾದರೂ ಕೇಳಿದರೆ ಸರ್ “ಅಪ್‌ಡೌನ್” ಎಂದಷ್ಟೇ ಹೇಳುತ್ತಿದ್ದರು. ಪಾಠವನ್ನಾಗಲಿ ಸಲಹೆಯನ್ನಾಗಲಿ ತಮ್ಮ ಕೆಲಸದಲ್ಲಿ ಸೇರಿಸುತ್ತಿರಲಿಲ್ಲ.

ಸೋಮವಾರ ಬರುವಾಗ ಸೂರತ್‌ನ ನಾನ್‌ಖಟಾಯಿ ಒಂದು ಪೊಟ್ಟಣ ತರುತ್ತಿದ್ದರು. ಅದು ನಮಗೆ. ತಮಗೆ ಮಾತ್ರ ಹೆಂಡತಿ ಕುಟ್ಟಿಕೊಟ್ಟ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿ. ಹಪ್ಪಳದಂಥ ಗುಜರಾತಿ ಖಾಖ್ರಾದ ಮೇಲೆ ಅದನ್ನು ಉದುರಿಸಿಕೊಂಡು, “ಇದು ನಮ್ಮ ಕಡಕ್ ರೊಟ್ಟಿ ತಂಗಿ. ಇಲ್ಲಿಗೆ ಮದುವಿ ಮಾಡಿಕೊಟ್ಟಾರ, ಸೊರಗ್ಯಾಳ,” ಎಂದು ಕರುಮುರು ತಿನ್ನುತ್ತಿದ್ದರು. ಮಧ್ಯಾಹ್ನದ ಊಟ ಎಂದರೆ ಅದೇ. ಆರೋಗ್ಯ ಹಾಳಾಗುತ್ತದೆ ಎಂದು ನಾನು ಗೊಣಗುತ್ತಿದ್ದೆ. ಹಾಳಾಯಿತು.

ಅವರಿಗೆ ಆಗದ ಪದ ಒಂದೇ, ‘ಚಾಲ್ಶೆ’. ಗುಜರಾತಿಗೆ ಬಂದವರು ಮೊದಲ ದಿನವೇ ಕಲಿಯುವ ಪದ ಅದು. ಚಾಲ್ಶೆ ಎಂದರೆ ನಡೆಯುತ್ತೆ, ಆದೀತು, ಅಡ್ಡಿಯಿಲ್ಲ. ಕೊತ್ತಂಬರಿ ಬಾಡಿದ್ದರೂ ಚಾಲ್ಶೆ, ಆಟೋದಲ್ಲಿ ಇನ್ನೊಬ್ಬರು ತುರುಕಿಕೊಂಡರೂ ಚಾಲ್ಶೆ. ಒಳ್ಳೆಯ ಪದವೇ. ಈ ಜನ ಜಗಳವಿಲ್ಲದೆ ಬದುಕುವುದು ಅದರಿಂದಲೇ ಎಂದು ನನ್ನ ಅಭಿಪ್ರಾಯ. ಆದರೆ ಸರ್ ಕೋಣೆಯ ಬಾಗಿಲಿಗೆ ಗುಜರಾತಿಯಲ್ಲಿ ಒಂದು ಕಾಗದ ಅಂಟಿಸಿದ್ದರು: ‘ಅಹೀಂ ಚಾಲ್ಶೆ ನಹೀಂ ಚಾಲೆ.’ ಇಲ್ಲಿ ‘ನಡೆಯುತ್ತೆ’ ನಡೆಯುವುದಿಲ್ಲ.

ಆ ಕಾಗದದ ಹಿಂದಿನ ಕತೆ ಒಮ್ಮೆ ವಡೋದರದಲ್ಲಿ ತಿಳಿಯಿತು. ಯಾವುದೋ ವಿಚಾರ ಸಂಕಿರಣಕ್ಕೆ ನಮ್ಮಿಬ್ಬರನ್ನೂ ಕಳಿಸಿದ್ದರು. ಸಂಜೆ ರಸ್ತೆ ಬದಿಯಲ್ಲಿ ಸೇವ್ ಉಸಳ್ ತಿನ್ನುತ್ತ ನಿಂತಿದ್ದೆವು. ಖಾರಕ್ಕೆ ನನ್ನ ಕಣ್ಣಲ್ಲಿ ನೀರು. ಸರ್ ಎದುರಿನ ಒಂದು ಹಳೆಯ ಕಟ್ಟಡದ ಕಿಟಕಿ ತೋರಿಸಿದರು.

“ಅಲ್ಲಿ ಒಬ್ಬಾಂವ ಗುಮಾಸ್ತ ಕೂಡ್ತಿದ್ದ. ನಾ ಸ್ಟ್ಯಾಟಿಸ್ಟಿಕ್ಸ್ ಬೇಕಂದೆ. ಅದರಾಗ ಜಾಗಾ ಭರ್ತಿ ಆತು, ಮ್ಯಾಥ್ಸ್ ತಗೋ, ಚಾಲ್ಶೆ, ಮುಂದಿನ ವರ್ಷ ಬದಲಿ ಮಾಡಸ್ಕೋ ಅಂದ. ನಾನೂ ಚಾಲ್ಶೆ ಅಂದೆ.”

“ಮುಂದಿನ ವರ್ಷ ಕೊಡಲಿಲ್ವಾ, ಸರ್?”

“ಬದಲಿ ಮಾಡೋ ಪದ್ಧತಿನ ಇರಲಿಲ್ಲ. ಅಂವಗೂ ಗೊತ್ತಿರಲಿಲ್ಲ, ಪಾಪ. ಕೆಟ್ಟ ಮನಶ್ಯಾ ಅಲ್ಲ. ಬಾಯಾಗ ಬಂತು, ಅಂದಬಿಟ್ಟ.” ಸ್ವಲ್ಪ ಹೊತ್ತು ಉಸಳ್ ಕಲಸಿದರು. “ಮೂವತ್ತ ವರ್ಷದ ಮ್ಯಾಲ ಗಣಿತಾ ಕಲಿಸೀನಿ. ಬ್ಯಾಸರಾ ಅಂತಲ್ಲ. ನಂದಲ್ಲ ಅದು, ಅಷ್ಟ.”

ಮಕ್ಕಳಿಗೆ ಅವರು ಸಲಹೆ ಕೊಡುವ ರೀತಿಯೇ ಬೇರೆ. ಮೊದಲು ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತನ್ನು ಉಜ್ಜಿಕೊಳ್ಳುವರು. ಆಮೇಲೆ ಯಾವುದಾದರೂ ಹಾಳೆಯ ಹಿಂಬದಿಯಲ್ಲಿ ಮೇಲ್ತುದಿಗೆ ಹುಡುಗ ಬಯಸಿದ ಮೇಜರ್ ಬರೆದು, ಅಲ್ಲಿಂದ ಕೆಳಕ್ಕೆ ಇಳಿಯುವರು. ಇದಕ್ಕೆ ಮೊದಲು ಯಾವುದು ಬೇಕು, ಅದಕ್ಕೆ ಮೊದಲು ಯಾವುದು. ಕೊನೆಗೆ ಹಾಳೆಯ ಬುಡದಲ್ಲಿ ಬರುವುದೇ ಈಗ ತೆಗೆದುಕೊಳ್ಳಬೇಕಾದ ಕೋರ್ಸು. “ಎಲ್ಲಾರೂ ಕೆಳಗಿನಿಂದ ಮ್ಯಾಲ ನೋಡ್ತಾರ, ಕುತ್ತಿಗಿ ನೋಯಿಸ್ಕೋತಾರ. ಮ್ಯಾಲಿಂದ ಇಳದು ಬರ್ರಿ,” ಎನ್ನುವರು. ಗೆಳೆಯ ತೆಗೆದುಕೊಂಡನೆಂದು ಅದೇ ವಿಷಯ ಬೇಕೆಂದು ಬಂದವನಿಗೆ, “ಅಂವನ ಚಪ್ಪಲಿ ಸೈಜ್ ಎಷ್ಟು? ಅದನ್ನೂ ಹಾಕ್ಕೋತೀಯೇನು?” ಎಂದು ಕೇಳುವರು. ಕಷ್ಟದ ಕೋರ್ಸನ್ನು ಮುಂದಿನ ವರ್ಷಕ್ಕೆ ತಳ್ಳುವವರನ್ನು ಕಂಡರೆ ಸಿಟ್ಟು. ಬೇಕೆಂದದ್ದು ಸಿಗದಿದ್ದರೆ ಎಂದು ಎರಡನೆಯದೊಂದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದವರನ್ನು ಕಂಡರೆ ಇನ್ನೂ ಸಿಟ್ಟು.

ಅರ್ಜಿಯ ಜೊತೆ ಮಕ್ಕಳು ಒಂದು ಪುಟದ ಬರಹ ಕೊಡಬೇಕು, ಈ ವಿಷಯ ಏಕೆ ಬೇಕು ಎಂದು. ಎಲ್ಲರೂ ಬರೆಯುವುದು ಒಂದೇ: ಚಿಕ್ಕಂದಿನಿಂದಲೂ ನನಗೆ ಇದರಲ್ಲಿ ಅಪಾರ ಆಸಕ್ತಿ. ಸರ್ ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದು, “ಚಿಕ್ಕಂದಿನಾಗ ನೀ ಹಾಲು ಕುಡದು ಮಲಗ್ತಿದ್ದಿ. ಹೋದ ವಾರ ಏನು ಓದಿದಿ, ಅದನ್ನ ಬರಿ,” ಎನ್ನುವರು. ಇದನ್ನೇ ಹಿಂದಿಯಲ್ಲಿ ಹೇಳುವರು, ಗುಜರಾತಿಯಲ್ಲಿ ಹೇಳುವರು. ಕನ್ನಡದ ಮಗು ಸಿಕ್ಕಿದರೆ ಮಾತ್ರ ಕನ್ನಡವೇ.

ಈ ವಿಷಯದಲ್ಲಿ ಅವರದು ಹಟ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಕಡೆಯ ಮಕ್ಕಳಿಗೆ ಕನ್ನಡ ಅಷ್ಟಕ್ಕಷ್ಟೇ. ಮನೆಯಲ್ಲಿ ಅಜ್ಜಿ ಬೈದರೆ ಅರ್ಥವಾಗುತ್ತದೆ, ತಿರುಗಿ ಬೈಯಲು ಗುಜರಾತಿ ಬೇಕು. ಅವರು ಇಂಗ್ಲಿಷಿನಲ್ಲಿ ಕೇಳಿದರೂ ಸರ್ ಕನ್ನಡದಲ್ಲೇ ಉತ್ತರಿಸುತ್ತಿದ್ದರು, ಅದೂ ಧಾರವಾಡದ ಕನ್ನಡದಲ್ಲಿ. ಅವರು ಮಾತಾಡಿದ್ದು ನನಗೇ ಕೆಲವೊಮ್ಮೆ ಎರಡನೇ ಸಲ ಕೇಳಿದರೆ ತಿಳಿಯುತ್ತಿತ್ತು. ಮಕ್ಕಳು ಬಿಟ್ಟ ಕಣ್ಣು ಬಿಟ್ಟಂತೆ ಕೇಳುತ್ತಿದ್ದರು.

ಹಾಗೆ ಕೇಳಿದವರಲ್ಲಿ ಒಬ್ಬಳು ಮಣಿನಗರದ ಹೋಟೆಲಿನವರ ಮಗಳು. ಅವಳ ಅಪ್ಪ ಕುಂದಾಪುರದ ಕಡೆಯವರು. ನಾನೂ ಮಣಿನಗರದಲ್ಲೇ ಇರುವುದು. ವಿಶ್ವವಿದ್ಯಾಲಯದ ಬಸ್ಸು ಅಲ್ಲಿಂದಲೇ ಹೊರಡುವುದರಿಂದ, ಬೆಳಿಗ್ಗೆ ಸರ್‌ದೂ ನನ್ನದೂ ತಿಂಡಿ ಅವರ ಹೋಟೆಲಿನಲ್ಲಿ. ಹುಡುಗಿ ಮೊದಲ ವರ್ಷಕ್ಕೆ ನಮ್ಮಲ್ಲಿಗೇ ಸೇರಿದಳು. ಸ್ಟ್ಯಾಟಿಸ್ಟಿಕ್ಸ್ ಮೇಜರ್ ಮಾಡಬೇಕೆಂದು ಅವಳ ಆಸೆ. ಇದು ಕೇಳಿದ ದಿನ ಸರ್ ಇಡ್ಲಿ ಅರ್ಧಕ್ಕೆ ಬಿಟ್ಟು ಅವಳನ್ನೇ ನೋಡಿದರು. “ಶಾಣ್ಯಾ ಇದ್ದಿ, ತಂಗಿ,” ಎಂದರು. ಜಾಣೆ ಎನ್ನುವುದಕ್ಕೆ ಧಾರವಾಡದ ಮಾತು. ಅವಳು ಅದನ್ನು ಹೆಸರು ಎಂದುಕೊಂಡು, ನನ್ನ ಹೆಸರು ಅದಲ್ಲ ಎಂದಳು.

ಅವಳ ಅಪ್ಪನದು ಬೇರೆ ಸಮಸ್ಯೆ. ಒಂದು ದಿನ ಗಲ್ಲಾ ಬಿಟ್ಟು ನಮ್ಮ ಮೇಜಿನ ಹತ್ತಿರ ಬಂದರು.

“ಅಲ್ಲ ಸರ್, ನಂಗೊಂದು ಅರ್ಥ ಆಗುದಿಲ್ಲ. ಮಗಳು ಮೇಜರ್ ಆಗಿ ಆರು ತಿಂಗಳಾಯ್ತು. ಆಧಾರ್‌ನಲ್ಲಿ ಉಂಟು. ಈಗ ಪುನಃ ಮೇಜರ್‌ಗೆ ಅರ್ಜಿ ಹಾಕುದು ಎಂತಕ್ಕೆ?”

ನಾನು ಕಾಫಿ ಕುಡಿಯುತ್ತಿದ್ದೆ, ನೆತ್ತಿಗೆ ಹತ್ತಿತು. ಸರ್ ನಗಲಿಲ್ಲ.

“ಮಾಲಕ್ರ, ಇದು ವಯಸ್ಸಿನ ಮೇಜರ್ ಅಲ್ಲ, ವಿಷಯದ ಮೇಜರ್. ನಾಳೆ ದೋಸಿ ಹಾಕಬೇಕಂದ್ರ ಇವತ್ತು ಏನು ಮಾಡ್ತೀರಿ?”

“ಅಕ್ಕಿ ನೆನೆ ಹಾಕ್ತೇವೆ.”

“ಗಿರಾಕಿ ಬಂದ ಮ್ಯಾಲ ನೆನಿ ಹಾಕಿದ್ರ?”

“ಗಿರಾಕಿ ಎದುರಿನ ಅಂಗಡಿಗೆ ಹೋಗ್ತಾನೆ, ಮತ್ತೆಂತ!”

“ಇಷ್ಟ ನೋಡ್ರಿ. ಸ್ಟ್ಯಾಟಿಸ್ಟಿಕ್ಸ್ ಅನ್ನೋದು ದೋಸಿ. ಅಕ್ಕಿ ಮೊದಲನೇ ವರ್ಷನ ನೆನಿ ಹಾಕಬೇಕು.”

ಅಪ್ಪನಿಗೆ ಅರ್ಥವಾಯಿತು. ಅಂದಿನಿಂದ ಅವರು ಮಗಳನ್ನು “ಅಕ್ಕಿ ನೆನೆ ಹಾಕಿದ್ಯಾ?” ಎಂದೇ ಕೇಳುತ್ತಿದ್ದರು.

ಆ ವರ್ಷ ಉತ್ತರಾಯಣದ ಗಾಳಿಪಟಗಳು ಇನ್ನೂ ಮರಗಳಲ್ಲಿ ಸಿಕ್ಕಿಕೊಂಡಿದ್ದ ವಾರ, ಎರಡನೇ ಅರ್ಧವರ್ಷದ ಕೋರ್ಸುಗಳಿಗೆ ಹೆಸರು ನೋಂದಾಯಿಸುವ ಗಡಿಬಿಡಿ. ಬಿಸಿನೆಸ್ ಮ್ಯಾಥ್ಸ್ ಕಲಿಸುವವರು ಕೆಲಸ ಬಿಟ್ಟಿದ್ದಾರೆ, ಆ ತರಗತಿ ಈ ಸಲ ನಡೆಯುವುದಿಲ್ಲ ಎಂದು ಸುದ್ದಿ ಹಬ್ಬಿತ್ತು. ಸುದ್ದಿ ಸುಳ್ಳು. ಹಿಂದಿನ ದಿನವೆಲ್ಲ ಬಂದವರಿಗೆಲ್ಲ, ಇಲ್ಲ, ನಡೆಯುತ್ತದೆ ಎಂದು ಹೇಳಿ ಹೇಳಿ ಸರ್‌ಗೆ ಗಂಟಲು ಕಟ್ಟಿತ್ತು.

ಬೆಳಿಗ್ಗೆ ಹೋಟೆಲಿನಲ್ಲಿ ಜನವೋ ಜನ. ಹುಡುಗಿ ಗಲ್ಲಾದಲ್ಲಿ ಕೂತಿದ್ದಳು. ನಾವು ಬಸ್ಸಿಗೆಂದು ಏಳುತ್ತಿದ್ದಾಗ ಅಲ್ಲಿಂದಲೇ ಕೇಳಿದಳು. ಇಂಗ್ಲಿಷಿನಲ್ಲಲ್ಲ, ಗುಜರಾತಿಯಲ್ಲಲ್ಲ, ಸರ್ ಹತ್ತಿರ ಕಲಿತ ಕನ್ನಡದಲ್ಲಿ:

“ಸರ್, ಬಿಸಿನೆಸ್ ಮ್ಯಾಥ್ಸ್ ನಡೀತದಾ?”

ಸರ್ ಮುಖ ಅರಳಿತು. “ನಡೀತದ, ನಡೀತದ! ಯಾರು ಹೇಳಿದ್ರು ಇಲ್ಲಂತ?” ಎಂದು ಹೇಳಿ, ಬಾಯಿ ಒರೆಸಿಕೊಂಡು ಬಸ್ಸಿನ ಕಡೆ ನಡೆದರು. ಬಸ್ಸಿನಲ್ಲಿ ನನ್ನ ಕಡೆ ತಿರುಗಿ, “ಕೇಳಿದ್ರಿಲ್ಲೋ? ‘ನಡೀತದಾ’ ಅಂದ್ಳು. ಅಡ್ಡಿ ಇಲ್ಲ ಹುಡುಗಿ,” ಎಂದು ದಾರಿಯುದ್ದಕ್ಕೂ ಖುಷಿಪಟ್ಟರು.

ಸ್ಟ್ಯಾಟಿಸ್ಟಿಕ್ಸ್‌ಗೆ ಬೇಕಾದದ್ದು ಕ್ಯಾಲ್ಕುಲಸ್. ಅದರ ತರಗತಿ ಬೆಳಿಗ್ಗೆ, ಹೋಟೆಲಿನಲ್ಲಿ ಅವಳು ಬೇಕಾದ ಹೊತ್ತಿಗೆ. ಬಿಸಿನೆಸ್ ಮ್ಯಾಥ್ಸ್ ಮಧ್ಯಾಹ್ನ. ಅದರ ಬದಲು ಇದು ಆದೀತೇ ಎಂದು ಅವಳು ಕೇಳಿದ್ದಳು. ಆ ತರಗತಿ ಈ ಸಲ ಇದೆಯೇ ಎಂದು ಕೇಳಿದಳೆಂದು ಸರ್ ತಿಳಿದರು. ಅವಳು ಕ್ಯಾಲ್ಕುಲಸ್ ಬಿಟ್ಟು ಬಿಸಿನೆಸ್ ಮ್ಯಾಥ್ಸ್ ತೆಗೆದುಕೊಂಡಳು. ನಿಯಮ ವೆಬ್‌ಸೈಟಿನಲ್ಲಿ ಇತ್ತಲ್ಲ ಎಂದು ಯಾರಾದರೂ ಹೇಳಬಹುದು. ಇತ್ತು. ಸರ್ ಬಾಯಿಂದಲೇ ಕೇಳಿದ ಮೇಲೆ ವೆಬ್‌ಸೈಟ್ ಯಾರು ನೋಡುತ್ತಾರೆ?

ಮೇ ತಿಂಗಳಲ್ಲಿ ಮೇಜರ್‌ನ ಅರ್ಜಿಗಳು ಶುರುವಾದವು. ಅವಳ ಅರ್ಜಿಯನ್ನು ಕಂಪ್ಯೂಟರ್ ತೆಗೆದುಕೊಳ್ಳಲೇ ಇಲ್ಲ. ಸ್ಟ್ಯಾಟಿಸ್ಟಿಕ್ಸ್‌ಗೆ ಅರ್ಹತೆ ಇಲ್ಲ ಎಂದು ತೋರಿಸಿತು. ಬೇಕಾದರೆ ಬೇರೆ ವಿಷಯಕ್ಕೆ ಹೋಗಬಹುದು. ಇದೇ ಬೇಕೆಂದರೆ ಒಂದು ವರ್ಷ ಕಾಯಬೇಕು, ಮತ್ತು ಹೋಟೆಲಿನ ಅಪ್ಪ ಆ ಒಂದು ವರ್ಷ ಕಾಯುವವರಲ್ಲ. ಅವಳು ಅಪ್ಪನ ಜೊತೆ ನಮ್ಮ ಕೋಣೆಗೆ ಬಂದಳು. ಬಿಸಿಲಿಗೆ ಇಬ್ಬರ ಮುಖವೂ ಕೆಂಪಗಾಗಿತ್ತು. ಅಪ್ಪನದು ಬಿಸಿಲಿಗಷ್ಟೇ ಅಲ್ಲ.

“ನೀವೇ ಹೇಳಿದ್ರಿ ಸರ್,” ಎಂದಳು ಹುಡುಗಿ. “ನಡೀತದ ಅಂತ ಎರಡು ಸಲ ಹೇಳಿದ್ರಿ.”

ಸರ್ ಕನ್ನಡಕ ತೆಗೆದರು. ಬಹಳ ಹೊತ್ತು ಮೂಗು ಉಜ್ಜಿಕೊಂಡರು. ಆಮೇಲೆ ಗುಜರಾತಿಯಲ್ಲಿ ಕೇಳಿದರು, ನೀನು ಏನೆಂದು ತಿಳಿದೆ?

“ಚಾಲ್ಶೆ,” ಎಂದಳು.

“ನಾ ಹೇಳಿದ್ದು ‘ಚಾಲೆ ಛೆ’ ಅಂತ,” ಎಂದರು ಸರ್, ತಮ್ಮಷ್ಟಕ್ಕೇ ಹೇಳಿಕೊಂಡ ಹಾಗೆ.

ಗುಜರಾತಿಯಲ್ಲಿ ಇವು ಎರಡು ಮಾತು. ‘ಚಾಲೆ ಛೆ’ ಎಂದರೆ ಈಗ ನಡೆಯುತ್ತಾ ಇದೆ. ‘ಚಾಲ್ಶೆ’ ಎಂದರೆ ಮುಂದೆಯೂ ನಡೆಯುತ್ತದೆ, ಆದೀತು. ಕನ್ನಡದಲ್ಲಿ ಎರಡಕ್ಕೂ ಒಂದೇ, ‘ನಡೀತದ’. ಸರ್ ಅವಳೊಡನೆ ಗುಜರಾತಿಯಲ್ಲಿ ಮಾತಾಡಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ. ಇದು ಆ ಕೋಣೆಯಲ್ಲಿದ್ದ ನಾಲ್ವರಿಗೂ ಒಟ್ಟಿಗೆ ಹೊಳೆಯಿತು. ಬಾಯಿ ಬಿಟ್ಟವರು ಅಪ್ಪ.

“ಕನ್ನಡದವರು ಅಂತ ನಂಬಿದ್ದು ನಾವು,” ಎಂದರು ಅವರು. ದನಿ ಏರಿಸಲಿಲ್ಲ, ಅದೇ ಕಷ್ಟವಾಯಿತು. “ಬೇರೆಯವರಾಗಿದ್ರೆ ಇವಳು ಇನ್ನೂ ನಾಲ್ಕು ಜನರ ಹತ್ರ ಕೇಳ್ತಿದ್ಲು. ನಿಮ್ಮ ಹತ್ರ ಕೇಳಿದ ಮೇಲೆ ಬೇರೆ ಯಾರ ಹತ್ರ ಕೇಳುದು?”

ಸರ್ ಎದ್ದು ನಿಂತರು. ಕುರ್ಚಿ ನರಳಿತು. “ತಪ್ಪು ನಂದು, ಮಾಲಕ್ರ,” ಎಂದರು. ತಪ್ಪು ಅರ್ಧ ಆ ಹುಡುಗಿಯದೂ ಇತ್ತು, ಕಾಲು ಭಾಗ ನಮ್ಮ ಭಾಷೆಯದೂ ಇತ್ತು ಎಂದು ನಾನು ಆಗಲೂ ಅಂದುಕೊಂಡೆ, ಈಗಲೂ ಅಂದುಕೊಳ್ಳುತ್ತೇನೆ.

ಸ್ಟ್ಯಾಟಿಸ್ಟಿಕ್ಸ್ ವಿಭಾಗದ ಮುಖ್ಯಸ್ಥೆ ಕಟ್ಟುನಿಟ್ಟಿನ ಹೆಂಗಸು. ಅರ್ಹತೆ ಇಲ್ಲದವರನ್ನು ಸೇರಿಸಿಕೊಳ್ಳಬೇಡಿ ಎಂದು ಅವರಿಗೆ ಪ್ರತಿ ವರ್ಷ ಹೇಳುತ್ತಿದ್ದವರು ನಮ್ಮ ಸರ್ ಅವರೇ. ಈಗ ಅವರ ಮುಂದೆಯೇ ಹೋಗಿ ನಿಂತರು. ನಾನೂ ಜೊತೆಗಿದ್ದೆ. ಸರ್ ನಡೆದದ್ದನ್ನು ಹೇಳಿದರು, ಒಂದು ವಿನಾಯಿತಿ ಬೇಕು ಎಂದರು. ಮುಖ್ಯಸ್ಥೆ ಗುಜರಾತಿಯಲ್ಲಿ ಕೇಳಿದರು:

“ಸಾಹೇಬ್, ನಿಮ್ಮ ಬಾಗಿಲ ಮೇಲೆ ಏನು ಬರೆದಿದೆ?”

“ನಾನೇ ಬರೆದದ್ದು, ಬಹೆನ್,” ಎಂದರು ಸರ್, ಅವರೂ ಗುಜರಾತಿಯಲ್ಲಿ. ಆಮೇಲೆ ಕೈ ಮುಗಿದರು. ಆ ಮನುಷ್ಯ ಯಾರಿಗೂ ಕೈ ಮುಗಿದದ್ದನ್ನು ನಾನು ಕಂಡಿರಲಿಲ್ಲ. “ಆಜೆ ಚಲಾವಿ ಲೋ.” ಇವತ್ತೊಂದು ದಿನ ನಡೆಸಿಕೊಡಿ.

ನಾನು ಕಿಟಕಿಯ ಕಡೆ ನೋಡುತ್ತ ನಿಂತೆ. ಅವರ ಕಡೆ ನೋಡಲಾಗಲಿಲ್ಲ.

ಮುಖ್ಯಸ್ಥೆ ಒಪ್ಪಿದರು, ಒಂದು ಕರಾರಿನ ಮೇಲೆ. ಹುಡುಗಿ ಮೇಜರ್‌ಗೆ ಬರಲಿ. ಮೊದಲ ಪತ್ರಿಕೆಯಲ್ಲಿ ಕ್ಯಾಲ್ಕುಲಸ್ಸೇ ತುಂಬಿದೆ. ಅದರಲ್ಲಿ ಫೇಲಾದರೆ ಮೇಜರ್ ಬಿಡಬೇಕು, ಮತ್ತೆ ಯಾರೂ ಶಿಫಾರಸು ಹೇಳಿಕೊಂಡು ಬರಬಾರದು. ಸರ್ ಆಗಲಿ ಎಂದರು. ಕೋಣೆಗೆ ಹಿಂತಿರುಗಿದವರು ಒಳಗೆ ಬರುವ ಮೊದಲು ಬಾಗಿಲ ಮೇಲಿನ ಕಾಗದವನ್ನು ಉಗುರಿನಿಂದ ಎಬ್ಬಿಸಿ ಕಿತ್ತರು. ಅಂಟಿನ ಗುರುತು ಈಗಲೂ ಇದೆ, ನಾಲ್ಕು ಮೂಲೆಗೆ ನಾಲ್ಕು.

ಅಲ್ಲಿಂದ ಮುಂದೆ ಅವರು ಶುಕ್ರವಾರದ ರೈಲು ಬಿಟ್ಟರು. ಶನಿವಾರ ಬೆಳಗಿನ ತಿಂಡಿಯ ಗದ್ದಲ ಮುಗಿದ ಮೇಲೆ ಹೋಟೆಲಿನ ಮೂಲೆಯ ಮೇಜಿನಲ್ಲಿ ಹುಡುಗಿಗೆ ಕ್ಯಾಲ್ಕುಲಸ್ ಹೇಳಿಕೊಟ್ಟು, ಮಧ್ಯಾಹ್ನದ ರೈಲಿಗೆ ಸೂರತ್‌ಗೆ ಹೋಗುವರು. ವಾರಕ್ಕೆ ಎರಡು ದಿನ ಸಿಗುತ್ತಿದ್ದ ಗಂಡ ಒಂದೂವರೆ ದಿನಕ್ಕೆ ಇಳಿದನಲ್ಲ ಎಂದು ಅವರ ಹೆಂಡತಿ ನನಗೆ ಫೋನ್ ಮಾಡಿ ಹೇಳಿಕೊಂಡರು. “ಮುಖಾ ನೋಡ್ರಿ ಅವರದು, ಬತ್ತಿ ಹೋಗೇದ. ನೀವರೆ ಹೇಳ್ರಿ,” ಎಂದರು. ಹೇಳಿದೆ. ಕೇಳುವ ಜಾತಿಯೇ ಅಲ್ಲ.

ಆ ಪಾಠವನ್ನು ನಾನು ಒಂದೆರಡು ಸಲ ಪಕ್ಕದ ಮೇಜಿನಲ್ಲಿ ಕೂತು ಕೇಳಿದ್ದೇನೆ. ಪಾಠ ಚೆನ್ನಾಗಿತ್ತು. ಆದರೆ ಸರ್ ಅದನ್ನು ಗುಜರಾತಿಯಲ್ಲಿ ಮಾಡುತ್ತಿದ್ದರು. ಸೂರತ್‌ನ ಗುಜರಾತಿ, ಅದಕ್ಕೆ ಧಾರವಾಡದ ಏರಿಳಿತ. ಹುಡುಗಿ ಕನ್ನಡದಲ್ಲಿ ಏನಾದರೂ ಕೇಳಿದರೆ ಗುಜರಾತಿಯಲ್ಲೇ ಉತ್ತರ. ಅವಳೊಬ್ಬಳಿಗೇ ಅಲ್ಲ, ಆ ಮೇ ತಿಂಗಳ ನಂತರ ಯಾವ ವಿದ್ಯಾರ್ಥಿಯೊಡನೆಯೂ ಅವರು ಕನ್ನಡ ಆಡಲಿಲ್ಲ. ಕನ್ನಡದ ಮಕ್ಕಳು ಕೋಣೆಗೆ ಬಂದರೆ ನನ್ನ ಕಡೆ ಕೈ ತೋರಿಸುವರು. ನನಗೆ ತಡೆಯಲಾಗಲಿಲ್ಲ. ಒಂದು ದಿನ ಬಸ್ಸಿನಲ್ಲಿ ಕೇಳಿಯೇಬಿಟ್ಟೆ.

“ಒಂದು ಪದ ಜಾರಿದ್ದಕ್ಕೆ ಇಡೀ ಭಾಷೆಗೇ ಶಿಕ್ಷೇನಾ, ಸರ್?”

“ಭಾಷಾಕ್ಕ ಅಲ್ರೀ, ಮೇಡಂ. ನನಗ,” ಎಂದರು. ನಾರೋಲ್ ಕಡೆಯ ಲಾರಿಗಳ ಧೂಳಿಗೆ ಕಿಟಕಿ ಹಾಕಿಕೊಂಡರು. “ಆ ಗುಮಾಸ್ತ ಬಾಯಿಗೆ ಬಂದದ್ದು ಅಂದ. ನಾನೂ ಬಾಯಿಗೆ ಬಂದದ್ದ ಅಂದೆ. ಅಕಿ ಕನ್ನಡಾ ಆಡಿದ್ಲಂತ ಖುಷಿಯಾಗಿ, ಏನು ಕೇಳಿದ್ಲು ಅಂತ ಕೇಳಲಿಲ್ಲ ನಾ. ಪ್ರಶ್ನಿ ಕೇಳದ ಉತ್ತರಾ ಕೊಟ್ಟೆ.”

ಅವರು ಹೇಳಿದ್ದು ನಿಜವೂ ಹೌದು, ಅತಿಯೂ ಹೌದು. ಆದರೆ ಆ ಮುಖ ನೋಡಿದರೆ ವಾದ ಮಾಡುವ ಮನಸ್ಸೇ ಬರುತ್ತಿರಲಿಲ್ಲ.

ಹುಡುಗಿಯ ಅಪ್ಪ ಕ್ಷಮೆ ಕೇಳುವ ಮನುಷ್ಯರಲ್ಲ. ಕೇಳಬೇಕಾದ್ದೂ ಇರಲಿಲ್ಲ. ಶನಿವಾರಗಳಂದು ಮಾತ್ರ ಆ ಮೂಲೆಯ ಮೇಜಿಗೆ ಕಾಫಿಯನ್ನು ತಾವೇ ತಂದಿಟ್ಟು ಹೋಗುತ್ತಿದ್ದರು. ಮಗಳನ್ನು ಅಕ್ಕಿ ನೆನೆ ಹಾಕಿದ್ಯಾ ಎಂದು ಕೇಳುವುದನ್ನು ಬಿಟ್ಟಿದ್ದರು.

ಪರೀಕ್ಷೆಯ ಫಲಿತಾಂಶ ಚಳಿಗಾಲದಲ್ಲಿ ಬಂತು. ಹುಡುಗಿ ಪಾಸಾದಳು. ದೊಡ್ಡ ಅಂಕವೇನಲ್ಲ, ದಡ ಮುಟ್ಟಿದಳು ಅಷ್ಟೇ. ಪೇಡೆ ಡಬ್ಬಿ ಹಿಡಿದು ಕೋಣೆಗೆ ಓಡಿ ಬಂದಳು. ಸರ್ ಒಂದು ಪೇಡೆಯನ್ನು ಮುರಿದು ಅರ್ಧ ಬಾಯಿಗೆ ಹಾಕಿಕೊಂಡರು. “ಸಾರುಂ,” ಎಂದರು. ಗುಜರಾತಿಯಲ್ಲಿ ಒಳ್ಳೆಯದು ಎಂದು. ಅವಳು ನಿಂತೇ ಇದ್ದಳು. ಅವಳು ಕಾಯುತ್ತಿದ್ದದ್ದು ಆ ಇನ್ನೊಂದು ಮಾತಿಗೆ, ಶಾಣ್ಯಾ ಇದ್ದಿ ಎನ್ನುವುದಕ್ಕೆ. ಸರ್ ಮುಂದಿನ ಹುಡುಗನನ್ನು ಕರೆದರು. ಆ ದಿನ ನನಗೆ ಅವರ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ.

ಮುಂದಿನ ಬೇಸಿಗೆಗೆ ಅವರು ಕೆಲಸ ಬಿಟ್ಟರು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಬೀಳ್ಕೊಡುಗೆ ಬೇಡ ಎಂದರು. “ಅಪ್‌ಡೌನ್‌ನಾಗ ಅಪ್ ಮುಗೀತ್ರಿ. ಇನ್ನ ಬರೇ ಡೌನ್,” ಎಂದು ಹಿಂಡಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ಕೋಣೆ ನನ್ನ ಪಾಲಿಗೆ ಬಂತು.

ಈ ವರ್ಷ ಚಳಿ ಮುಗಿಯುವ ಹೊತ್ತಿಗೆ ಅವರ ಹೆಂಡತಿ ಫೋನ್ ಮಾಡಿದರು. ಹೃದಯ ಸೋತಿದೆ, ಇನ್ನು ಮಾಡುವಂಥದ್ದು ಹೆಚ್ಚಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅವರಿಗೆ ಇದನ್ನು ಹೇಳಿಲ್ಲ ಎಂದರು. ಹೇಳದಿದ್ದರೆ ತಿಳಿಯುವುದಿಲ್ಲವೇ. ನಾನು ಹೋಗುತ್ತೇನೆಂದು ಗೊತ್ತಾಗಿ ಹುಡುಗಿಯೂ ಹೊರಟಳು. ಅವಳು ಈಗ ಮೂರನೇ ವರ್ಷ, ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಸಾಕಷ್ಟು ಚೆನ್ನಾಗಿಯೇ ಮಾಡುತ್ತಿದ್ದಳು. ಮಣಿನಗರದಲ್ಲಿ ರೈಲು ಹತ್ತಿದವಳು ವಡೋದರ ದಾಟಿದರೂ ಬಾಯಲ್ಲೇ ಏನನ್ನೋ ಉರು ಹೊಡೆಯುತ್ತಿದ್ದಳು.

ಅಡಾಜಣ್‌ನ ಫ್ಲ್ಯಾಟಿನ ಹಜಾರದಲ್ಲಿ ಸರ್ ಎರಡು ದಿಂಬಿಗೆ ಒರಗಿ ಕೂತಿದ್ದರು. ಅಷ್ಟು ಸಣ್ಣಗಾಗಿದ್ದಾರೆಂದು ನಾನು ಎಣಿಸಿರಲಿಲ್ಲ. ನನ್ನನ್ನು ನೋಡಿ, “ಬರ್ರಿ ಮೈಸೂರ ಮೇಡಂ, ನನ್ನ ಕುರ್ಚಿ ಹೆಂಗದ?” ಎಂದು ನಕ್ಕರು. ನರಳುತ್ತಿದೆ ಎಂದೆ. ಹುಡುಗಿಯ ಕಡೆ ನೋಡಿ “ಆವೋ, ಬೇಟಾ,” ಎಂದು ಗುಜರಾತಿಯಲ್ಲಿ ಕರೆದರು.

ಅವಳು ಕೂರಲಿಲ್ಲ. ರೈಲಿನಲ್ಲಿ ಉರು ಹೊಡೆದದ್ದನ್ನು ಹೇಳಿದಳು. ಅವಳ ಮನೆಯ ಕನ್ನಡವಲ್ಲ, ಅವರ ಕನ್ನಡ.

“ಸರ್, ಹ್ಯಾಂಗಿದ್ದೀರಿ?”

ಸರ್ ಅವಳನ್ನೇ ನೋಡಿದರು. ಉತ್ತರ ಗುಜರಾತಿಯಲ್ಲೇ ಬರುತ್ತದೆಂದು ನಾನು ಕಾದಿದ್ದೆ. ಬರಲಿಲ್ಲ. ಒಂದು ಉಸಿರು ಎಳೆದುಕೊಂಡು,

“ನಡೀತದ,” ಎಂದರು.

ಹುಡುಗಿ ಅವರ ಕಾಲ ಹತ್ತಿರ ನೆಲದ ಮೇಲೆ ಕೂತಳು.

“ಯಾವ ನಡೀತದ, ಸರ್? ಚಾಲೆ ಛೆಯೋ, ಚಾಲ್ಶೆಯೋ?”

ಸರ್ ನಕ್ಕರು. ನಗು ಕೆಮ್ಮಿಗೆ ತಿರುಗಿತು, ಕೆಮ್ಮು ನಿಲ್ಲಲು ಹೊತ್ತಾಯಿತು. ಅವಳು ಬೆನ್ನು ನೀವಿದಳು. ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದ ಅವರ ಹೆಂಡತಿ ಕೈ ನಿಲ್ಲಿಸಿ ನಮ್ಮ ಕಡೆಯೇ ನೋಡುತ್ತಿದ್ದರು. ಸರ್ ಕನ್ನಡಕ ತೆಗೆದು, ಮೂಗು ಉಜ್ಜಿಕೊಂಡರು.

“ಚಾಲೆ ಛೆ,” ಎಂದರು. “ಚಾಲ್ಶೆ ಅಂತ ನಾ ಹೇಳಿಲ್ಲ, ತಂಗಿ. ಈ ಸಲ ಸರಿಯಾಗಿ ತಿಳ್ಕೋ.”

ಈಗ ನಡೆಯುತ್ತಿದೆ, ಮುಂದಕ್ಕಿಲ್ಲ ಎಂದು ಅವಳಿಗೆ ಸರಿಯಾಗಿಯೇ ತಿಳಿಯಿತು. ತಲೆ ಆಡಿಸಿದಳು. “ಶಾಣ್ಯಾ ಇದ್ದಿ,” ಎಂದರು ಸರ್. ಅವಳು ಎದ್ದು ಅಡುಗೆಮನೆಗೆ ಹೋಗಿ, ಅವರ ಹೆಂಡತಿಯ ಕೈಯಿಂದ ಪಾತ್ರೆ ತೆಗೆದುಕೊಂಡು, ಉಳಿದ ಚಹಾ ತಾನೇ ಸೋಸಿದಳು.